ಕೀಲಿ ಒಡೆಯೋ ಮಾತು ಬೇಡ

ರಾಯಚೂರು, ಭಾನುವಾರ

ನನ್ನವ್ವಾ,

ನಿನ್ನೆ ನೀನು "ಅಪ್ಪ, ಕೆಳಗಿನ ಬಾಡಿಗೆಯವರು ಊರಿಗೆ ಹೋದಾಗ ಕೀಲಿ ಬದಲಿಸಿಬಿಡು" ಅಂದೆ, ನಾನು ಫೋನ್ ಇಟ್ಟುಬಿಟ್ಟೆ. ನಿಮ್ಮವ್ವ ಆಗಿಂದ ನನ್ನ ಜೊತೆ ಮಾತಾಡಿಲ್ಲ. ಬಾಯಲ್ಲಾದರೆ ನಮ್ಮಿಬ್ಬರಿಗೂ ಸಿಟ್ಟು ಮೊದಲು ಬರುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಕೆಳಗಿನ ಮನೆಯವರ ಸಮಾಚಾರ ನಿನಗೆ ಗೊತ್ತಿದ್ದದ್ದೇ. ದಸರೆಗೆ ಬಂದ ಬಾಡಿಗೆದಾರನ ಅಣ್ಣನ ಮಗ, ಅವನ ಹೆಂಡತಿ, ಕೂಸು ಇನ್ನೂ ಇಲ್ಲೇ ಇದ್ದಾರೆ. ಮನೆಗೆ ಬಂದ ನೆಂಟರ ದಿನ ಎಣಿಸೋದು ನಮಗೆ ಹೇಳಿದ್ದಲ್ಲ ಅಂತ ಸುಮ್ಮನಿದ್ದೆ. ಆಮೇಲೆ ಪಡಸಾಲೆಯ ಕೊಂಡಿಗೆ ತೊಟ್ಟಿಲು ಬಿತ್ತು. ಇನ್ನೊಂದು ಸಿಲಿಂಡರ್ ಬಂತು. ಸಂಕ್ರಾಂತಿ ಹೊತ್ತಿಗೆ ಬಾಡಿಗೆದಾರನೇ ಸಿಂಧನೂರು ಸೇರಿದ, ಈಗ ಶನಿವಾರಕ್ಕೊಮ್ಮೆ ಮುಖ ತೋರಿಸುತ್ತಾನೆ. ಮೊನ್ನೆ ಅಂಚೆಯವನು ಕೊಟ್ಟ ಲಕೋಟೆಯಲ್ಲಿ ಆ ಹುಡುಗನ ಆಧಾರ್ ಇತ್ತು. ವಿಳಾಸ ನಮ್ಮ ಮನೆಯದು.

ಅದಕ್ಕಿಂತ ನನ್ನ ಎದೆ ಹೊಡೆದುಕೊಂಡದ್ದು ನೀನು ಮಾತಿನ ನಡುವೆ ಹೇಳಿದ್ದಕ್ಕೆ: ಎರಡು ತಿಂಗಳ ಬಾಡಿಗೆ ಆ ಹುಡುಗನ ಫೋನ್‌ಪೇಯಿಂದ ನಿನಗೆ ಬಂದಿದೆ. "ದುಡ್ಡು ಯಾರು ಹಾಕಿದರೇನಪ್ಪ" ಅಂದೆ. ನಾಳೆ ಅವನು "ನಾನು ನೆಂಟ ಅಲ್ಲ, ಓನರೇ ಬಾಡಿಗೆ ತಗೊಂಡಿದ್ದಾರೆ" ಅಂದರೆ ಅವನಿಗೆ ಸಾಕ್ಷಿ ನಿನ್ನ ಬ್ಯಾಂಕ್ ಸ್ಟೇಟ್‌ಮೆಂಟೇ ಆಗುತ್ತೆ. ಆ ದುಡ್ಡು ವಾಪಸ್ ಹಾಕು. ಬಾಡಿಗೆದಾರನೇ ತನ್ನ ಖಾತೆಯಿಂದ ಕಟ್ಟಲಿ ಅಂತ ಇಬ್ಬರಿಗೂ ಮೆಸೇಜ್ ಬರಿ.

ಇನ್ನು ಕೀಲಿ. ಮಾನ್ವಿಯ ಕಾಕಾ ಇದನ್ನೇ ಮಾಡಿದ್ದ, ಆಗ ನೀನಿನ್ನೂ ಹುಟ್ಟಿರಲಿಲ್ಲ. ಬಾಡಿಗೆಯವರು ಯಾರನ್ನೋ ತಂದು ಇಟ್ಟುಕೊಂಡಿದ್ದಾರೆ ಅಂತ ಸಿಟ್ಟು. ಅವರೆಲ್ಲ ಮದುವೆಗೆ ಹೋದ ದಿನ ಕೀಲಿ ಒಡೆಸಿ ಸಾಮಾನು ಬೀದಿಗೆ ಹಾಕಿಸಿದ. ಮೇ ತಿಂಗಳ ಬಿಸಿಲು. ಟ್ರಂಕು, ಕೊಡ, ಹಾಸಿಗೆ ಸುರುಳಿ, ಒಂದು ಮಾವಿನಕಾಯಿ ಉಪ್ಪಿನಕಾಯಿ ಭರಣಿ. ಇಳಿಸುವಾಗ ಭರಣಿ ಸೀಳಿತು, ಕೆಂಪು ಎಣ್ಣೆ ಮೆಲ್ಲಗೆ ಗಟಾರದ ಕಡೆ ಹರಿಯಿತು. ಸಂಜೆ ಮದುವೆಯಿಂದ ಬಂದ ಅವರ ಹುಡುಗಿ, ರೇಷ್ಮೆ ಲಂಗದಲ್ಲೇ ಕೂತು, ಹೋಳುಗಳನ್ನು ಒಂದೊಂದೇ ಆರಿಸಿ ಮುಚ್ಚಳದಲ್ಲಿ ಹಾಕಿಕೊಂಡಳು. ಮಣ್ಣು ಹತ್ತಿದ ಹೋಳು, ಯಾರು ತಿನ್ನಬೇಕು ಅದನ್ನ? ಆದರೂ ಆರಿಸಿದಳು. ಕಾಕಾ "ಒಂದು ಭರಣಿ ತಾನೆ" ಅಂದ. ಟ್ರಂಕಿನ ಇನ್ನೊಂದು ತುದಿ ಹಿಡಿದಿದ್ದವನು ನಾನು.

ಆಮೇಲೆ ಅವರು ಕೋರ್ಟಿಗೆ ಹೋದರು. 1963ರ ಸ್ಪೆಸಿಫಿಕ್ ರಿಲೀಫ್ ಆಕ್ಟ್, 6ನೇ ಸೆಕ್ಷನ್. ಆರು ತಿಂಗಳೊಳಗೆ ದಾವೆ ಹಾಕಿದರೆ ಸಾಕು, ಮನೆ ಯಾರದು ಅಂತ ಕೋರ್ಟು ಕೇಳೋದೇ ಇಲ್ಲ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೋ ಇಲ್ಲವೋ, ಅಷ್ಟೇ ಕೇಳುತ್ತೆ. ಖರೀದಿ ಪತ್ರ ಬಗಲಲ್ಲಿಟ್ಟುಕೊಂಡೇ ಕಾಕಾ ಕೀಲಿಕೈ ಅವರ ಕೈಗೆ ಕೊಟ್ಟ. ನೀರಿನ ಮೋಟರ್ ಬಂದ್ ಮಾಡು ಅಂದೆಯಲ್ಲ, ಅದೂ ಇದೇ ಜಾತಿಯ ಕೆಲಸ. ಈ ಊರಿನ ಬಿಸಿಲಲ್ಲಿ, ಕೂಸಿರೋ ಮನೆಗೆ! ನಿನ್ನ ಬಾಯಲ್ಲಿ ಆ ಮಾತು ಬಂತಲ್ಲ ಅಂತ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಹುಡುಗಿಯ ಲಂಗದ ಅಂಚಿಗೆ ಎಣ್ಣೆ ಹತ್ತಿತ್ತು, ಅದೂ ನೆನಪಿದೆ.

ಕೋರ್ಟಿನಲ್ಲಿ ಫೈಲು ಕಟ್ಟಿದವನ ಪಾಠ ಶುರುವಾಯಿತು ಅಂತೀಯ. ಅನ್ನು, ಆದರೆ ಕೇಳು. ಬೇಡ ಅಂತ ಕರಾರಿನಲ್ಲಿ ಬರೆಯದಿದ್ದರೆ ಒಳಬಾಡಿಗೆ ಕೊಡೋ ಹಕ್ಕು ಬಾಡಿಗೆದಾರನಿಗೆ ಇದ್ದೇ ಇರುತ್ತೆ. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟಿನ 108ನೇ ಸೆಕ್ಷನ್ ಹಾಗೇ ಹೇಳುತ್ತೆ. ಪುಣ್ಯಕ್ಕೆ ನಮ್ಮ 11 ತಿಂಗಳ ಕರಾರಿನಲ್ಲಿ ಒಳಬಾಡಿಗೆ ಬೇಡ ಅನ್ನೋ ಮಾತು ಇದೆ. ಬರೆಸುವಾಗ "ಇಷ್ಟೆಲ್ಲ ಬೇಕಾ" ಅಂತ ನಕ್ಕಿದ್ದೆ ನೀನು. ಅದರ ಮೇಲೆ ವಕೀಲರ ಕೈಲಿ ನೋಟಿಸ್ ಕೊಡಬಹುದು. ನೋಟಿಸ್ ಹೋಗಬೇಕಾದ್ದು ಹುಡುಗನಿಗಲ್ಲ, ಕರಾರಿಗೆ ಸಹಿ ಹಾಕಿದವನಿಗೆ, ಸ್ಪೀಡ್ ಪೋಸ್ಟಿನಲ್ಲಿ. ಪೊಲೀಸರ ಹತ್ತಿರ ಓಡಿದರೆ "ಸಿವಿಲ್ ಮ್ಯಾಟರ್" ಅಂತ ಕಳಿಸುತ್ತಾರೆ. ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗುತ್ತೆ ಅಂತ ನಿನ್ನ ಗೆಳತಿ ಹೆದರಿಸಿದ ಮಾತು ಬಿಡು. ಒಪ್ಪಿಗೆ ಮೇಲೆ ಒಳಗೆ ಬಂದವನಿಗೆ ವರ್ಷ ತುಂಬಿದ ಮಾತ್ರಕ್ಕೆ ಮನೆ ಆಗೋದಿಲ್ಲ.

ನಿನ್ನ ಸಾಲ, ನಿನ್ನ ಮನೆ. ಖಾತೆಯಲ್ಲಿ ನಿನ್ನ ಹೆಸರು ಬಂದ ದಿನ ನಿಮ್ಮವ್ವ ಓಣಿಗೆಲ್ಲ ಪೇಢೆ ಹಂಚಿದ್ದಳು, ನಾನು ಆ ಕಾಗದ ಎರಡು ಸಲ ಓದಿದೆ. ಹಾಗಾಗಿ ಹೇಳೋ ಅಧಿಕಾರ ನನಗೆಷ್ಟಿದೆಯೋ ಗೊತ್ತಿಲ್ಲ. ಆದರೂ ಒಂದು ಮಾತು. ಆ ಹುಡುಗ ಶಕ್ತಿನಗರದ ಕಡೆ ಕಂಟ್ರಾಕ್ಟಿನಲ್ಲಿ ದುಡಿಯುತ್ತಾನೆ, ಮರ್ಯಾದಸ್ಥ. ಹಳಬ ಬರೆದುಕೊಟ್ಟು ಮನೆ ಬಿಡಲಿ, ಇವನು ತನ್ನ ಹೆಸರಿನಲ್ಲಿ ಅಡ್ವಾನ್ಸ್ ಕೊಟ್ಟು ಹೊಸ ಕರಾರು ಮಾಡಲಿ. ಅದರಲ್ಲಿ ಮನೆಯಲ್ಲಿ ಇರೋರ ಹೆಸರು ಬರೆಸೋಣ. ಹದಿನೈದು ದಿನ ಮೀರಿ ಯಾರಾದರೂ ಉಳಿದರೆ ನಿನ್ನ ಲಿಖಿತ ಒಪ್ಪಿಗೆ ಬೇಕು ಅಂತಲೂ ಹಾಕಿಸೋಣ. ಇದು ಬೇಡ ಅಂದರೆ ನೋಟಿಸೇ ಕೊಡೋಣ, ನಾನು ಅಡ್ಡ ಬರೋದಿಲ್ಲ.

ಬಾಡಿಗೆದಾರ ಈ ಶನಿವಾರ ಬರುತ್ತಾನೆ. ಅವನ ಮುಂದೆ ಏನು ಹೇಳಲಿ ಅನ್ನೋದನ್ನು ಶುಕ್ರವಾರ ರಾತ್ರಿಯೊಳಗೆ ತಿಳಿಸು. ನಿಮ್ಮವ್ವನ ಫೋನಿಗೆ ಮಾಡು, ನನ್ನದಕ್ಕೆ ಬೇಡ.

ನಿನ್ನ ಅಪ್ಪ