ಕೊರಬಾಡಿಗೆ ಗೋಧಿ ಎಲ್ಲಿಂದ ಬಂತು

ಟೂಸಾನ್, ಅರಿಜೋನಾ
ಜೂನ್, ಎರಡನೇ ಭಾನುವಾರ

ಪ್ರೀತಿಯ ಅವ್ವ,

ಹೋದ ತಿಂಗಳು ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. “ಕೊರಬಾಡಿಗೆ ಗೋಧಿ ಎಲ್ಲಿಂದ ಬಂತು?” ಎಂದೆ. ಗೋಧಿ ಆಗದ ನನ್ನ ಮಗ ಪುಟ್ಟ, ಇಲ್ಲಿನ ಅಂಗಡಿಯ ಕೊರಬಾಡು, ಅಂದರೆ ಒಣಗಿಸಿದ ಮಾಂಸ, ತಿಂದು, ಹೊಟ್ಟೆ ಹಿಡಿದುಕೊಂಡು ಎರಡನೇ ದಿನವೂ ಮಲಗಿದ್ದ. ನಾನು ಅವನ ತಲೆ ಸವರುತ್ತಾ ಕುಳಿತಿದ್ದೆ. ನಿನಗೆ ಉತ್ತರ ಹೇಳಲು ಆಗಲಿಲ್ಲ, ಗಂಟಲು ಕಟ್ಟಿತು. ಈಗ ಅವನು ಎದ್ದು ಓಡಾಡುತ್ತಿದ್ದಾನೆ, ಚಿಂತೆ ಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ ಎಂದು ಬರೆಯಲು ಕುಳಿತಿದ್ದೇನೆ. ತಂಗಿ ಓದಿ ಹೇಳಲಿ. ಓದಿದ ಮೇಲೆ ಕಾಗದವನ್ನು ಅಡುಗೆಮನೆಯಲ್ಲೇ ಇಟ್ಟುಕೊ. ಡಿಸೆಂಬರಿನಲ್ಲಿ ನಾವು ಬಂದಾಗ ಬೇಕಾಗುತ್ತದೆ.

ಚಪಾತಿ ಹಿಟ್ಟನ್ನು ಕಲಸಿ ಎಳೆದರೆ ಜಗ್ಗುತ್ತದೆ. ರಾಗಿ ಹಿಟ್ಟನ್ನು ಎಳೆದರೆ ಮುರಿದು ಬೀಳುತ್ತದೆ. ಗೋಧಿಯನ್ನು ಹಾಗೆ ಜಗ್ಗಿಸುವ ಅಂಟಿನ ಹೆಸರೇ ಗ್ಲೂಟನ್. ಅದು ಬಾರ್ಲಿಯಲ್ಲಿ ಇದೆ, ರೈ ಎಂಬ ಇಲ್ಲಿನ ಕಾಳಿನಲ್ಲೂ ಇದೆ. ರಾಗಿ, ಅಕ್ಕಿ, ಜೋಳದಲ್ಲಿ ಇಲ್ಲ. ಸೀಲಿಯಾಕ್ ಕಾಯಿಲೆ ಇರುವವರ ಹೊಟ್ಟೆಗೆ ಆ ಅಂಟು ಹೋದರೆ, ಅವರ ದೇಹವೇ ಸಣ್ಣ ಕರುಳಿನ ಒಳಗೋಡೆಯ ಮೇಲೆ ತಿರುಗಿ ಬೀಳುತ್ತದೆ. ಆ ಗೋಡೆಯ ಮೇಲೆ ಟವೆಲ್ಲಿನ ನೂಲಿನಂತೆ ನಿಂತಿರುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಅದರಲ್ಲೂ ಕಬ್ಬಿಣದ ಅಂಶವನ್ನು ಹೀರಿಕೊಳ್ಳುವುದು ಕರುಳಿನ ಮೊದಲ ಭಾಗ, ಪೆಟ್ಟು ಬೀಳುವುದೂ ಅಲ್ಲಿಗೇ. ಪುಟ್ಟ ಒಂದು ವರ್ಷ ಬಿಳಿಚಿಕೊಂಡು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದನಲ್ಲ, ಅದಕ್ಕೆ ಕಾರಣ ಇದೇ. ನಾನು ಅವನಿಗೆ ದಿನವೂ ಬ್ರೆಡ್ಡು ಕೊಟ್ಟು ಶಾಲೆಗೆ ಕಳಿಸುತ್ತಿದ್ದೆ. ಅದು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಇನ್ನು ನಿನ್ನ ಪ್ರಶ್ನೆ. ಬಾಡಿನಲ್ಲಿ ಗೋಧಿ ಇಲ್ಲ, ನೀನು ಹೇಳಿದ್ದು ಸರಿ. ಬಂದದ್ದು ಸೋಯಾ ಸಾಸಿನಿಂದ. ಇಲ್ಲಿ ದನದ ಮಾಂಸವನ್ನು ತೆಳ್ಳಗೆ ಸೀಳಿ, ಉಪ್ಪು ಮಸಾಲೆಯಲ್ಲಿ ನೆನೆಸಿ ಒಣಗಿಸಿದ್ದಕ್ಕೆ ಜರ್ಕಿ ಎನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲೂ ಪೊಟ್ಟಣ ನೇತುಹಾಕಿ ಮಾರುತ್ತಾರೆ. ನೆನೆಸುವ ಆ ನೀರಿಗೆ ಬಹುತೇಕರು ಸೋಯಾ ಸಾಸ್ ಹಾಕುತ್ತಾರೆ. ಹೆಸರು ಸೋಯಾ ಎಂದಿದ್ದರೂ ಹಳೆಯ ಪದ್ಧತಿಯಲ್ಲಿ ಸೋಯಾ ಕಾಳಿನಷ್ಟೇ ಹುರಿದ ಗೋಧಿಯೂ ಅದಕ್ಕೆ ಸೇರುತ್ತದೆ. ಕೆಲವರು ಬಿಯರಿನಲ್ಲಿ ನೆನೆಸುತ್ತಾರೆ, ಅದು ಬಾರ್ಲಿ. ಕೆಲವರು ಮಾಲ್ಟ್ ವಿನಿಗರ್ ಹಾಕುತ್ತಾರೆ, ಅದೂ ಬಾರ್ಲಿಯದೇ. ನಾನು ತಂದ ಪೊಟ್ಟಣದ ಮೇಲೆ ದನದ ಚಿತ್ರ ನೋಡಿದೆ, ಮಾಂಸವಲ್ಲವೇ ಎಂದು ಧೈರ್ಯದಿಂದ ಅವನ ಕೈಗೆ ಕೊಟ್ಟೆ. ಹಿಂದೆ ತಿರುಗಿಸಿ ಓದಲಿಲ್ಲ. ಅಷ್ಟೇ ನಡೆದದ್ದು.

ಈಗ ಓದದೆ ಒಂದು ಕಾಳನ್ನೂ ಮನೆಗೆ ತರುವುದಿಲ್ಲ. ಇಲ್ಲಿ 2013ರಲ್ಲಿ ಒಂದು ನಿಯಮ ಮಾಡಿದರು: ಗ್ಲೂಟನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಹತ್ತು ಲಕ್ಷ ಪಾಲಿನಲ್ಲಿ ಗ್ಲೂಟನ್ 20 ಪಾಲಿಗಿಂತ ಕಡಿಮೆ ಇರಬೇಕು. ಆದರೆ ಅದನ್ನು ಮಾಡಿದ್ದು ಆಹಾರ ಮತ್ತು ಔಷಧದ ಇಲಾಖೆ. ಮಾಂಸದ ಪೊಟ್ಟಣಗಳ ಉಸ್ತುವಾರಿ ಕೃಷಿ ಇಲಾಖೆಯದು. ಹಾಗಾಗಿ ಮುಂದಿನ ದೊಡ್ಡ ಅಕ್ಷರವನ್ನು ನಂಬಿ ಸುಮ್ಮನಾಗದೆ ಹಿಂದಿನ ಸಣ್ಣ ಅಕ್ಷರವನ್ನೂ ಓದುತ್ತೇನೆ. ಬರೀ ಸೋಯಾದಿಂದ ಮಾಡಿದ ತಮಾರಿ ಎಂಬ ಸಾಸ್ ಹಾಕಿದ ಜರ್ಕಿ ಸಿಗುತ್ತದೆ. ಉಪ್ಪು, ಕಾಳುಮೆಣಸು ಬಿಟ್ಟು ಬೇರೇನೂ ಇಲ್ಲದ್ದೂ ಸಿಗುತ್ತದೆ. ನನಗೆ ಆ ಎರಡನೆಯದೇ ಇಷ್ಟ. ಸಕ್ಕರೆ ಬೆರೆಸಿದ ಜರ್ಕಿ ಬಾಯಿಗೆ ಹಿತವಾದರೂ ಸಾರಿಗೆ ಹಾಕಿದರೆ ಸಾರೇ ಕೆಡುತ್ತದೆ.

ಆ ಘಟನೆಯ ಮರುವಾರವೇ ಮನೆಯಲ್ಲಿ ಮಾಡಲು ಶುರು ಮಾಡಿದೆ. ಎರಡು ಕೆ.ಜಿ. ತೊಡೆಯ ಬಾಡು, ನೆಣವಿಲ್ಲದ್ದು. ನೆಣ ಇದ್ದರೆ ಕಮಟು ವಾಸನೆ ಬರುತ್ತದೆ ಎಂದು ನೀನು ಕತ್ತಿಯ ತುದಿಯಲ್ಲಿ ಒಂದೊಂದೇ ಬಿಳಿ ಪೊರೆಯನ್ನು ಎಬ್ಬಿಸಿ ತೆಗೆಯುತ್ತಿದ್ದೆಯಲ್ಲ, ಹಾಗೇ ತೆಗೆದೆ. ಫ್ರೀಜರಿನಲ್ಲಿ ಒಂದೂವರೆ ಗಂಟೆ ಇಟ್ಟರೆ ಮಾಂಸ ಬಿಗಿಯಾಗಿ ತೆಳ್ಳಗೆ ಸೀಳಲು ಬರುತ್ತದೆ. ಎಳೆಯ ಉದ್ದಕ್ಕೆ ಸೀಳಿದರೆ ಜಗಿಯಲು ಗಟ್ಟಿ, ಅಡ್ಡಕ್ಕೆ ಕೊಯ್ದರೆ ಮೆತ್ತಗೆ. ಪುಟ್ಟನಿಗಾಗಿ ಅಡ್ಡಕ್ಕೆ ಕೊಯ್ಯುತ್ತೇನೆ, ನನಗೆ ಉದ್ದಕ್ಕೆ. ಉಪ್ಪು, ಅರಿಸಿನ, ಖಾರದ ಪುಡಿ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಸ್ವಲ್ಪ ಸೇಬಿನ ವಿನಿಗರ್ ಹಚ್ಚಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ. ಬೆಳಿಗ್ಗೆ ಒಲೆಯಲ್ಲಿ ಬಿಸಿ ಮಾಡಿ, ಆಮೇಲೆ ಒಣಗಿಸುವ ಯಂತ್ರದಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಐದಾರು ಗಂಟೆ. ಒಂದು ತುಂಡು ತೆಗೆದು ಬಾಗಿಸಿ ನೋಡಬೇಕು. ಬಿರುಕು ಬಿಡಬೇಕು, ಎರಡಾಗಬಾರದು. ಎರಡು ಕೆ.ಜಿ.ಯಿಂದ ಕೊನೆಗೆ ಸಿಕ್ಕಿದ್ದು ಮುಕ್ಕಾಲು ಕೆ.ಜಿ.ಗೂ ಕಡಿಮೆ. ಅಂಗಡಿಯಲ್ಲಿ ಅದು ಅಷ್ಟು ದುಬಾರಿ ಏಕೆ ಎಂದು ಆಗ ತಿಳಿಯಿತು.

ಮೊದಲೇ ಬಿಸಿ ಮಾಡುವುದು ಏಕೆ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಇಲ್ಲಿನ ಕೃಷಿ ಇಲಾಖೆ ಹೇಳುವ ಲೆಕ್ಕ 71 ಡಿಗ್ರಿ. ಒಣಗಿಸುವುದಕ್ಕೆ ಮುಂಚೆಯೇ ಮಾಂಸದ ಒಳಗೂ ಅಷ್ಟು ಶಾಖ ತಾಗಬೇಕು. ಹಸಿ ಮಾಂಸದಲ್ಲಿರುವ ಕ್ರಿಮಿಗಳು ಸುಲಭವಾಗಿ ಸಾಯುತ್ತವೆ. ಒಮ್ಮೆ ಒಣಗಿದವೆಂದರೆ ಶಾಖಕ್ಕೂ ಜಗ್ಗುವುದಿಲ್ಲ. ನೀನು ಬಿಸಿಲಲ್ಲಿ ಒಣಗಿಸಿ ಒಲೆಯ ಮೇಲಿನ ಹೊಗೆಗೆ ಕಟ್ಟುತ್ತಿದ್ದೆ. ತಿನ್ನುವ ಹೊತ್ತಿಗೆ ಕೆಂಡದ ಮೇಲೆ ಸುಟ್ಟು, ಕುಟ್ಟಿ, ಸಾರಿನಲ್ಲಿ ಗಂಟೆಗಟ್ಟಲೆ ಕುದಿಸುತ್ತಿದ್ದೆ. ಜರ್ಕಿಯನ್ನು ಇವರು ಬೇಯಿಸದೆ ಹಾಗೆಯೇ ತಿನ್ನುತ್ತಾರೆ. ನೀನು ಕೊನೆಗೆ ಮಾಡುತ್ತಿದ್ದ ಕೆಲಸವನ್ನು ಇವರು ಮೊದಲೇ ಮುಗಿಸಿಕೊಳ್ಳಬೇಕು, ವ್ಯತ್ಯಾಸ ಇಷ್ಟೇ.

ಯಂತ್ರದಿಂದ ವಾಸನೆ ಮನೆಯೆಲ್ಲ ಹರಡಿದಾಗ ನನಗೆ ಹಾಸ್ಟೆಲ್ ನೆನಪಾಯಿತು ಅವ್ವ. ಈ ಮಾತನ್ನು ನಿನಗೆ ಹೇಳಿರಲಿಲ್ಲ. ಎಂಟನೇ ತರಗತಿಗೆ ಸೇರಿಸುವಾಗ ನೀನು ಟ್ರಂಕಿನ ತಳದಲ್ಲಿ ಬಟ್ಟೆಯ ಗಂಟಿನಲ್ಲಿ ಕೊರಬಾಡು ಇಟ್ಟು ಕಳಿಸಿದ್ದೆ. ಅದನ್ನು ಸುಡಲು ಕೆಂಡ ಇರಲಿಲ್ಲ, ತೆಗೆದು ತೋರಿಸಲು ಧೈರ್ಯವೂ ಇರಲಿಲ್ಲ. ದೀಪ ಆರಿದ ಮೇಲೆ ಹೊದಿಕೆಯ ಒಳಗೆ ಒಂದು ಎಳೆಯನ್ನು ಬಾಯಲ್ಲಿಟ್ಟು, ಹಲ್ಲಿನ ಸದ್ದಾಗದಂತೆ, ಮೆತ್ತಗಾಗುವ ತನಕ ಚೀಪುತ್ತಿದ್ದೆ. ತಿಂಗಳು ಪೂರ್ತಿ ಹಾಗೆಯೇ ತಿಂದು ಮುಗಿಸಿದೆ. ಒಂದು ದಿನ ಪುಟ್ಟ ತರಗತಿಯಲ್ಲಿ ಡಬ್ಬಿ ತೆರೆದನಂತೆ. ಪಕ್ಕದ ಹುಡುಗ ಒಂದು ತುಂಡು ಕೇಳಿದನಂತೆ. “ಇದು ನಮ್ಮ ಅಜ್ಜಿಯ ಜರ್ಕಿ” ಎಂದು ಹೇಳಿ ಕೊಟ್ಟನಂತೆ.

ಈ ಊರಿನ ಬಗ್ಗೆ ನಿನಗೆ ಹೇಳಲೇಬೇಕು. ಇದು ಮರಳುಗಾಡಿನ ಊರು. ಜೂನಿನಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಊರೊಳಗೆ ಎಲ್ ಚಾರೊ ಎಂಬ ಹೋಟೆಲ್ ಇದೆ, 1922ರಲ್ಲಿ ಮೋನಿಕಾ ಫ್ಲಿನ್ ಎಂಬ ಹೆಂಗಸು ಶುರು ಮಾಡಿದ್ದು. ಅದರ ಮಾಳಿಗೆಯ ಮೇಲೆ ತಂತಿಯ ಪಂಜರ ಕಟ್ಟಿ, ಅದರೊಳಗೆ ದನದ ಬಾಡನ್ನು ಬಿಸಿಲಿಗೆ ಒಣಹಾಕುತ್ತಾರೆ. ನಾನು ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿದೆ. ನಮ್ಮ ಮಾಳಿಗೆಯ ಮೇಲೆ ಎರಡು ಗಳದ ನಡುವೆ ಹಗ್ಗ, ಹಗ್ಗಕ್ಕೆ ಕೆಂಪು ಎಳೆಗಳು, ಕಾಗೆ ಓಡಿಸಲು ಕೋಲು ಹಿಡಿದು ಕುಳಿತ ನಾನು, ಎಲ್ಲವೂ ಕಣ್ಣ ಮುಂದೆ ಬಂದವು. ಇವರು ಅದಕ್ಕೆ ಕಾರ್ನೆ ಸೆಕಾ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಒಣಬಾಡು ಎಂದೇ ಅರ್ಥ. ಜರ್ಕಿ ಎಂಬ ಮಾತು ಬಂದದ್ದು ಇನ್ನೂ ದೂರದಿಂದ. ಪೆರು ದೇಶದ ಬೆಟ್ಟದ ಜನರ ಕೆಚುವಾ ಭಾಷೆಯ ಚಾರ್ಕಿ ಎಂಬ ಪದ ಸ್ಪ್ಯಾನಿಷ್‌ನ ಮೂಲಕ ಇಂಗ್ಲಿಷಿಗೆ ಇಳಿಯಿತು. ಅವರು ಲಾಮಾ ಎಂಬ ಪ್ರಾಣಿಯ ಮಾಂಸವನ್ನು ಹೀಗೆ ಒಣಗಿಸುತ್ತಿದ್ದರು.

ಈ ಸೀಮೆಯಲ್ಲಿ ದನವನ್ನೂ ಗೋಧಿಯನ್ನೂ ಬೇರೂರಿಸಿದವನು ಒಬ್ಬನೇ ಎನ್ನುತ್ತಾರೆ, ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂದ ಕೀನೊ ಎಂಬ ಪಾದ್ರಿ. ಅದಕ್ಕೇ ಇಲ್ಲಿನವರು ಒಣಬಾಡನ್ನು ಗೋಧಿಯ ಅಗಲ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ. ಪುಟ್ಟನಿಗೆ ನಾನು ಮೆಕ್ಕೆಜೋಳದ ರೊಟ್ಟಿ ಮಾಡುತ್ತೇನೆ. ಬಾಡಿಗೆ ಹೊಗೆ ಹಾಕಲು ಸುಡುವ ಮೆಸ್ಕೀಟ್ ಸೌದೆ ನಮ್ಮ ಕೆರೆ ಏರಿಯ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಎಲೆಯೂ ಮುಳ್ಳೂ ನೋಡಿದ ಕೂಡಲೇ ಗುರುತು ಸಿಕ್ಕಿತು.

ಅಡುಗೆಗೆ ಬರುತ್ತೇನೆ. ಇಲ್ಲಿ ಮಚಾಕಾ ಎಂಬ ತಿನಿಸು ಇದೆ, ಆ ಮಾತಿಗೆ ಕುಟ್ಟಿದ್ದು ಎಂದೇ ಅರ್ಥ. ಒಣಬಾಡನ್ನು ಕಲ್ಲಿನಲ್ಲಿ ಕುಟ್ಟಿ ಹತ್ತಿಯಂತೆ ಬಿಡಿಸಿ, ಈರುಳ್ಳಿ, ಟೊಮೆಟೊ, ಹಸಿಮೆಣಸಿನಕಾಯಿಯೊಂದಿಗೆ ಹುರಿದು, ಮೇಲೆ ಮೊಟ್ಟೆ ಒಡೆದು ಕೆದಕುತ್ತಾರೆ. ಬೆಳಗಿನ ತಿಂಡಿಗೆ ಅದು ಪುಟ್ಟನ ಪ್ರಾಣ. ನಾನು ಭಾನುವಾರಕ್ಕೆ ಹುರುಳಿಕಾಳಿನ ಸಾರು ಮಾಡುತ್ತೇನೆ. ಜರ್ಕಿಯನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಿದರೆ ಉಪ್ಪು ಸ್ವಲ್ಪ ಇಳಿಯುತ್ತದೆ. ಆಮೇಲೆ ಕಾಳಿನ ಜೊತೆ, ಬದನೆಕಾಯಿ ಸೇರಿಸಿ, ಬೇರೆ ಉಪ್ಪು ಹಾಕದೆ ಬೇಯಿಸುತ್ತೇನೆ. ಜೊತೆಗೆ ಮುದ್ದೆ. ಇಷ್ಟು ವರ್ಷ ಇಲ್ಲಿದ್ದು ನಾನು ಮಾಡಿದ ಸಾರುಗಳಲ್ಲಿ ನಿನ್ನ ಕೈರುಚಿಗೆ ಹತ್ತಿರ ಬಂದದ್ದು ಇದೊಂದೇ.

ಶಕ್ತಿ ಎಷ್ಟಿದೆ ಎಂದು ತಂಗಿ ಕೇಳಿದ್ದಳು. ಅಂಗಡಿಯ ಜರ್ಕಿ 28 ಗ್ರಾಂ, ಅಂದರೆ ಒಂದು ಹಿಡಿಯಷ್ಟು, ತಿಂದರೆ ಸುಮಾರು 9 ಗ್ರಾಂ ಪ್ರೋಟೀನ್, ಒಂದೂವರೆ ಮಿಲಿಗ್ರಾಂ ಕಬ್ಬಿಣ, ಎರಡು ಮಿಲಿಗ್ರಾಂಗಿಂತ ಹೆಚ್ಚು ಸತು ಸಿಗುತ್ತವೆ. ಪುಟ್ಟನ ವಯಸ್ಸಿಗೆ ದಿನಕ್ಕೆ ಬೇಕಾದ ಕಬ್ಬಿಣ 8 ಮಿಲಿಗ್ರಾಂ. ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ, ಕರುಳು ಇನ್ನೂ ಮಾಗುತ್ತಿರುವ ಮಗುವಿಗೆ ಅದು ದೊಡ್ಡ ಮಾತು. ಆದರೆ ಅಷ್ಟೇ ಹಿಡಿಯಲ್ಲಿ 500 ಮಿಲಿಗ್ರಾಂನಷ್ಟು ಸೋಡಿಯಂ ಇರುತ್ತದೆ, ಎಷ್ಟೋ ಸಲ ಹೆಚ್ಚೇ. ಅವನ ವಯಸ್ಸಿನವರಿಗೆ ದಿನದ ಮಿತಿ 1800. ಅಪ್ಪನಿಗೆ ರಕ್ತದೊತ್ತಡ ಇರುವುದರಿಂದ ಹಾಗೆಯೇ ಒಣ ತುಂಡು ಜಗಿಯಲು ಕೊಡಲೇ ಬೇಡ, ಹಟ ಮಾಡಿದರೂ ಕೊಡಬೇಡ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಉಪ್ಪು ಹಾಕಿ, ಹೊಗೆ ಹಾಕಿ ಕೆಡದಂತೆ ಮಾಡಿದ ಮಾಂಸವನ್ನು ದಿನವೂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ. ಹಾಗಾಗಿ ವಾರಕ್ಕೆ ಎರಡು ಸಲ ಮಾತ್ರ. ಉಳಿದ ದಿನ ಮೊಟ್ಟೆ, ಹಸಿ ಮಾಂಸದ ಸಾರು, ಕಾಳು.

ಡಿಸೆಂಬರಿನ ವಿಷಯ. ಗೋಹತ್ಯೆ ನಿಷೇಧದ ಕಾಯ್ದೆ ಬಂದ ಮೇಲೆ ಊರಿನಲ್ಲಿ ದನದ ಬಾಡು ಸಿಗುವುದೇ ಇಲ್ಲ ಎಂದು ನೀನು ಹೇಳಿದೆ. ಇಲ್ಲಿಂದ ತರೋಣವೆಂದರೆ ಅದನ್ನು ಭಾರತದೊಳಗೆ ತರಲು ಬಿಡುವುದಿಲ್ಲ. ಆಡಿನ ಬಾಡಿನಲ್ಲೇ ಮಾಡು, ಅವನಿಗೆ ಅದೂ ಇಷ್ಟ. ಆದರೆ ಒಂದೆರಡು ವಿಷಯಕ್ಕೆ ಮಾತ್ರ ಕಣ್ಣಿಡು. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಬಹುಪಾಲು ಮೈದಾ ಬೆರೆಸಿರುತ್ತಾರೆ, ಅದನ್ನು ಅವನ ಅಡುಗೆಗೆ ಹಾಕಬೇಡ. ರಾಗಿಯನ್ನು ಗಿರಣಿಗೆ ಕಳಿಸಬೇಡ. ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ನಮ್ಮದೂ ಬೀಳುತ್ತದೆ, ಅಷ್ಟು ಪುಡಿ ಸಾಕು ಅವನನ್ನು ಮಲಗಿಸಲು. ಹಿತ್ತಿಲಲ್ಲಿ ಮಗುಚಿಟ್ಟಿರುವ ಬೀಸುವ ಕಲ್ಲನ್ನು ತೊಳೆಸಿ ಇಡು, ನಾನೇ ಬಂದು ಬೀಸುತ್ತೇನೆ. ಚಪಾತಿ ಸುಡುವ ಹಂಚನ್ನು ಅವನ ರೊಟ್ಟಿಗೆ ಬಳಸಬೇಡ. ಬಾಡು ಒಣಹಾಕುವುದನ್ನು ನಾವು ಬರುವವರೆಗೆ ತಡೆ. ಕೋಲು ಹಿಡಿದು ಕಾಗೆ ಕಾಯುವವನು ನಾನೇ ಎಂದು ಅವನು ಈಗಲೇ ಹೇಳುತ್ತಿದ್ದಾನೆ.

ಒಂದು ವಿಷಯ ಮಾತ್ರ ನನಗೆ ನೆನಪಾಗುತ್ತಿಲ್ಲ. ಉಪ್ಪು, ಅರಿಸಿನ ಹಚ್ಚಿದ ಮೇಲೆ, ಹಗ್ಗಕ್ಕೆ ಹಾಕುವ ಮೊದಲು, ನೀನು ಅಂಗೈಯಲ್ಲಿ ಏನನ್ನೋ ಉಜ್ಜಿ ಮೇಲೆ ಉದುರಿಸುತ್ತಿದ್ದೆ. ಆ ಘಮ ನನ್ನ ಜರ್ಕಿಗೆ ಬಂದಿಲ್ಲ. ಜೀರಿಗೆಯೋ, ಓಮವೋ? ತಂಗಿಗೆ ಹೇಳಿ ಇವತ್ತೇ ಬರೆಸಿ ಕಳಿಸು.

ನಿನ್ನ ಮಗಳು