ದಸರಾ ರಜೆಯ ಸ್ಕ್ರ್ಯಾಪ್‌ಬುಕ್ ಮಕ್ಕಳ ಕೈಯಿಂದಲೇ ಆಗಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಆರಂಭವಾಗಿವೆ. ರಜೆಯಲ್ಲಿ ಮಾಡಿಕೊಂಡು ಬರಲು ಹೇಳಿದ್ದ ‘ನಮ್ಮೂರ ದಸರಾ’ ಸ್ಕ್ರ್ಯಾಪ್‌ಬುಕ್‌ಗಳನ್ನು ಮಕ್ಕಳು ಒಪ್ಪಿಸಿ ಹಿಂದಕ್ಕೆ ಪಡೆಯುತ್ತಿರುವ ಸಮಯವಿದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚಿತ್ರಕಲೆ ಕಲಿಸಿ ನಿವೃತ್ತಳಾಗಿರುವ ನನಗೆ ನೆರೆಹೊರೆಯ ಮಕ್ಕಳು ಇವನ್ನು ತಂದು ತೋರಿಸುವುದು ರೂಢಿ. ಈ ಸಲ ನೋಡಿದ ಹನ್ನೊಂದು ಪುಸ್ತಕಗಳ ಪೈಕಿ ಎಂಟರಲ್ಲಿ ಅದೇ ಅರಮನೆ, ಅದೇ ಆನೆ, ಅದೇ ಅಂಬಾರಿ ಇದ್ದುದನ್ನು ಕಂಡು ಮನಸ್ಸಿಗೆ ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಅಚ್ಚಿನ ಚಾರ್ಟನ್ನು ಕತ್ತರಿಸಿ, ಸುತ್ತ ಮಿನುಗುಪುಡಿ ಉದುರಿಸಿ, ತಲೆಬರಹವನ್ನೂ ಸ್ಟಿಕ್ಕರ್‌ನಲ್ಲೇ ಮುಗಿಸಿದ ಪುಟಗಳು ಅವು. ಆ ಹತ್ತು ದಿನ ಮಗು ಎಲ್ಲಿಗೆ ಹೋಗಿತ್ತು, ಯಾರ ಹೆಗಲ ಮೇಲೆ ಕುಳಿತು ಜಂಬೂ ಸವಾರಿ ನೋಡಿತು ಎಂಬುದರ ಸುಳಿವು ಆ ಎಂಟರಲ್ಲಿ ಒಂದರಲ್ಲೂ ಸಿಗಲಿಲ್ಲ.

ಉಳಿದ ಮೂರರಲ್ಲಿ ಒಂದು ನಮ್ಮ ಬೀದಿಯ ಐದನೆಯ ತರಗತಿಯ ಹುಡುಗಿಯದು. ಅವಳ ಗೊಂಬೆ ಹಬ್ಬದ ಪುಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಚಿಕ್ಕಮ್ಮನ ಮದುವೆಯಲ್ಲಿ ಮಿಕ್ಕ ಲಗ್ನಪತ್ರಿಕೆಗಳ ಕುಂಕುಮ ಬಣ್ಣದ ದಪ್ಪ ಕಾಗದವನ್ನು ಪಟ್ಟಿಗಳಾಗಿ ಕತ್ತರಿಸಿ, ಕೆಳಗಿನದು ಉದ್ದ, ಮೇಲಕ್ಕೆ ಹೋದಂತೆ ಗಿಡ್ಡ ಆಗುವಂತೆ ಐದು ಮೆಟ್ಟಿಲು ಮಾಡಿದ್ದಳು. ಪತ್ರಿಕೆಯ ಚಿನ್ನದ ಅಂಚು ಪ್ರತಿ ಮೆಟ್ಟಿಲಿನ ತುದಿಗೆ ಬರುವಂತೆ ಇಟ್ಟಿದ್ದರಿಂದ ಅದು ಜರಿಯಂಚಿನ ಪಂಚೆ ಹಾಸಿದ ಹಾಗೆಯೇ ಕಾಣುತ್ತಿತ್ತು. ಮೇಲಿನ ಮೆಟ್ಟಿಲಿನಲ್ಲಿ ಅವರ ಮನೆಯ ಪಟ್ಟದ ಗೊಂಬೆಗಳ ಒಂದೇ ಒಂದು ಫೋಟೊ. ಪಕ್ಕದಲ್ಲಿ, ಅದೇ ಪತ್ರಿಕೆಯ ಲಕೋಟೆಯನ್ನು ಅರ್ಧಕ್ಕೆ ಕತ್ತರಿಸಿ ಅಂಟಿಸಿದ ಜೇಬು. ಜೇಬಿನೊಳಗಿನ ಚೀಟಿಯಲ್ಲಿ ಯಾವ ದಿನ ಯಾರ ಮನೆಯಲ್ಲಿ ಯಾವ ಬೊಂಬೆ ಬಾಗಿನ ಕೊಟ್ಟರು ಎಂಬ ಪಟ್ಟಿ ಇತ್ತು: ಕೊಬ್ಬರಿ ಮಿಠಾಯಿ, ಚಕ್ಕುಲಿ, ರವೆ ಉಂಡೆ, ‘ಮೂಲೆ ಮನೆ ಅಜ್ಜಿ, ಕಡಲೆಕಾಳು ಉಸಲಿ, ಖಾರ ಜಾಸ್ತಿ’. ಈ ಪುಟಕ್ಕೆ ಶಾಲೆಯಲ್ಲಿ ‘ನೀಟಾಗಿಲ್ಲ’ ಎಂಬ ಷರಾ ಬಿದ್ದಿದೆ. ಅಂಗಡಿಯ ಚಿತ್ರ ಅಂಟಿಸಿದವರಿಗಿಂತ ಅಂಕವೂ ಕಡಿಮೆ. ಮುಂದಿನ ವರ್ಷ ನಾನೂ ಚಾರ್ಟನ್ನೇ ತಂದು ಅಂಟಿಸುತ್ತೇನೆ ಅಜ್ಜಿ ಎಂದು ಆ ಹುಡುಗಿ ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಅಲಂಕಾರದ ಕಾಗದವನ್ನು ಕೊಳ್ಳಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಾರ್ಬಲ್ ಪೇಪರ್, ಗ್ಲೇಜ್ ಪೇಪರ್, ಬುಟ್ಟಾ ಅಚ್ಚು ಹಾಕಿದ ಹ್ಯಾಂಡ್‌ಮೇಡ್ ಕಾಗದ ಎಲ್ಲವೂ ಚೆಂದವೇ. ಎಲ್ಲವನ್ನೂ ಒಂದೇ ಪುಟದ ಮೇಲೆ ಹೇರಿದಾಗ ಮಾತ್ರ ಯಾವುದೂ ಕಣ್ಣಿಗೆ ನಿಲ್ಲುವುದಿಲ್ಲ. ಒಂದು ಪುಟಕ್ಕೆ ಮೂರು ಬಗೆಯ ಕಾಗದ ಸಾಕು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ: ತಳಕ್ಕೆ ಅಚ್ಚಿಲ್ಲದ ಒಂದು ಬಣ್ಣ, ಅದರ ಮೇಲೆ ಸಣ್ಣ ಬುಟ್ಟಾ ಇರುವ ಒಂದು ತುಂಡು, ಅಂಚಿಗೆ ಬೆರಳಗಲದ ಒಂದು ಪಟ್ಟಿ. ದೊಡ್ಡ ಹೂಗಳ ಅಚ್ಚಿನ ಮೇಲೆ ನೇರವಾಗಿ ಫೋಟೊ ಅಂಟಿಸಿದರೆ ನೋಡುವವರ ಕಣ್ಣು ಹೂವಿನ ಕಡೆಗೇ ಹೋಗಿ, ಫೋಟೊದಲ್ಲಿರುವ ಅಮ್ಮನ ಮುಖ ಹಿಂದೆ ಸರಿಯುತ್ತದೆ. ಫೋಟೊಗಿಂತ ನಾಲ್ಕೂ ಕಡೆ ಕಾಲು ಇಂಚು ದೊಡ್ಡದಾದ ಕೆನೆಬಣ್ಣದ ಕಾಗದವನ್ನು ಅದರ ಕೆಳಗಿಟ್ಟರೆ ಈ ತೊಂದರೆ ತಪ್ಪುತ್ತದೆ. ಒಂದು ಗಾಢ ಬಣ್ಣ, ಚೆಂಡುಹೂವಿನ ಹಳದಿ ಎಂದಿಟ್ಟುಕೊಳ್ಳಿ, ಪುಟದ ಮೂರು ಕಡೆ ತ್ರಿಕೋನವಾಗಿ ಬಂದರೆ ಕಣ್ಣು ಪುಟವನ್ನೆಲ್ಲ ಸುತ್ತಿ ಬರುತ್ತದೆ. ಅಂಟು ಮುಟ್ಟುವ ಮೊದಲು ಎಲ್ಲವನ್ನೂ ಬರಿದೇ ಹರಡಿ, ಸರಿಸಿ ನೋಡಿ, ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡಬೇಕು.

ದೀಪಾಲಂಕಾರದ ಪುಟಕ್ಕಂತೂ ಮಿನುಗುಪುಡಿ ಬೇಕೇ ಬೇಕು ಎಂದು ಪೋಷಕರು ತಿಳಿದಿದ್ದಾರೆ. ಅರಮನೆಯಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿಕೊಂಡಾಗ ನಮಗೆ ಕಾಣುವುದು ಕತ್ತಲಿನ ಮೇಲೆ ಚುಕ್ಕಿಗಳಲ್ಲಿ ಬರೆದ ಗೆರೆಗಳು. ಕಪ್ಪು ಕಾಗದದ ಮೇಲೆ ಗುಮ್ಮಟ, ಕಮಾನುಗಳನ್ನು ಪೆನ್ಸಿಲ್‌ನಲ್ಲಿ ಬರೆದು, ಆ ಗೆರೆಗುಂಟ ದಬ್ಬಣದಿಂದ ಒತ್ತೊತ್ತಾಗಿ ತೂತು ಮಾಡಿ, ಹಿಂಬದಿಗೆ ಗಾಳಿಪಟದ ಹಳದಿ ಕಾಗದ ಅಂಟಿಸಿ ಕಿಟಕಿಗೆ ಎದುರಾಗಿ ಹಿಡಿದರೆ ಅರಮನೆ ಬೆಳಗುತ್ತದೆ. ನನ್ನ ತರಗತಿಯಲ್ಲಿ ನಲವತ್ತು ಮಕ್ಕಳು ಇದನ್ನು ಮಾಡಿದಾಗ ಒಬ್ಬರ ಅರಮನೆಯಂತೆ ಇನ್ನೊಬ್ಬರದು ಇರಲಿಲ್ಲ. ಚಿಕ್ಕ ಮಕ್ಕಳಾದರೆ ತೂತು ಮಾಡುವಾಗ ದೊಡ್ಡವರು ಪಕ್ಕದಲ್ಲಿ ಕುಳಿತಿರಬೇಕು.

ಪುಟಗಳ ಅನುಕ್ರಮಕ್ಕೆ ನಮ್ಮೂರಿನಲ್ಲೇ ಉತ್ತಮ ಮಾದರಿಯಿದೆ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. 1934ರಿಂದ 1945ರ ನಡುವೆ ಕಲಾವಿದರು ನಿಜವಾದ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದವು ಅವು. ಇಡೀ ಮೆರವಣಿಗೆಯನ್ನು ಒಂದೇ ಚೌಕಟ್ಟಿಗೆ ತುರುಕದೆ ಒಂದೊಂದು ಭಾಗಕ್ಕೆ ಒಂದೊಂದು ಚಿತ್ರವನ್ನು ಮೀಸಲಿಟ್ಟಿರುವುದರಿಂದ ಗೋಡೆಯುದ್ದಕ್ಕೂ ನಡೆದರೆ ಮೆರವಣಿಗೆ ನಮ್ಮ ಪಕ್ಕದಲ್ಲೇ ಸಾಗಿದಂತಾಗುತ್ತದೆ. ಮಕ್ಕಳೂ ಹೀಗೆಯೇ ಒಂದು ಪುಟಕ್ಕೆ ಒಂದೇ ಸಂಗತಿಯನ್ನು ಆಯ್ದುಕೊಳ್ಳಬಹುದು: ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆಯಿಂದ ಕಾದದ್ದಕ್ಕೆ ಒಂದು, ಆನೆ ಕಣ್ಣಿಗೆ ಬಿದ್ದ ಕ್ಷಣಕ್ಕೆ ಒಂದು, ವಸ್ತುಪ್ರದರ್ಶನದಲ್ಲಿ ತಿಂದ ಹಪ್ಪಳಕ್ಕೆ ಒಂದು.

ಇಷ್ಟೆಲ್ಲ ಶ್ರಮಪಟ್ಟು ಮಾಡಿದ್ದು ನಾಲ್ಕು ವರ್ಷದಲ್ಲಿ ಹಾಳಾಗಬಾರದು. ತಮ್ಮ ಪತ್ರಿಕೆಯ ಪುಟಗಳನ್ನು ಮಕ್ಕಳು ಪ್ರೀತಿಯಿಂದ ಕತ್ತರಿಸಿ ಅಂಟಿಸುತ್ತಾರೆ. ಆದರೆ ಸುದ್ದಿ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುವುದರಿಂದ ಅದು ಬೆಳಕಿಗೂ ಗಾಳಿಗೂ ಬೇಗ ಹಳದಿಯಾಗಿ, ತನ್ನ ಆಮ್ಲದಿಂದ ಪಕ್ಕದ ಫೋಟೊಗೂ ಕಲೆ ಹಚ್ಚುತ್ತದೆ. ಆದ್ದರಿಂದ ಒಳ್ಳೆಯ ಬಿಳಿ ಕಾಗದದ ಮೇಲೆ ಅದರ ಜೆರಾಕ್ಸ್ ತೆಗೆಸಿ ಅಂಟಿಸುವುದು ವಾಸಿ. ಸೆಲ್ಲೊಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಗೋಂದಿನಲ್ಲಿ ನೀರಿನಂಶ ಹೆಚ್ಚಾದ್ದರಿಂದ ಪುಟ ಸುಕ್ಕುಗಟ್ಟುತ್ತದೆ, ಗ್ಲೂ ಸ್ಟಿಕ್ ಆದರೆ ಅಷ್ಟು ತೊಂದರೆಯಿಲ್ಲ. ಫೋಟೊಗೆ ಮಾತ್ರ ಅಂಟನ್ನೇ ತಾಗಿಸದೆ ನಾಲ್ಕು ಮೂಲೆಗೆ ಕಾಗದದ ತ್ರಿಕೋನ ಮಡಿಸಿ ಸಿಕ್ಕಿಸುವ ಹಳೆಯ ಪದ್ಧತಿಯೇ ಸರಿ. ಇದನ್ನು ನಾನು ನಷ್ಟದಿಂದ ಕಲಿತವಳು. 1986ರಲ್ಲಿ ನನ್ನ ಮಗನ ಮೊದಲ ದಸರಾ ಫೋಟೊಗಳನ್ನು ಆಗಿನ ಕಾಲದ ಅಂಟುಹಾಳೆಯ ಆಲ್ಬಮ್ಮಿನಲ್ಲಿ ಹಾಕಿಟ್ಟಿದ್ದೆ. ಈಗ ಅವುಗಳ ಮೇಲೆ ಅಂಟಿನ ಗೆರೆಗಳು ಕಂದಾಗಿ ಮೂಡಿವೆ. ಬಿಡಿಸಹೋದ ಎರಡು ಫೋಟೊಗಳು ಹರಿದೇ ಹೋದವು.

ಬಸ್ಸಿನ ಟಿಕೆಟ್ ಅಂಟಿಸುವವರೂ ಗಮನಿಸಬೇಕು. ಯಂತ್ರದಿಂದ ಬರುವ ಟಿಕೆಟ್ಟಿನಲ್ಲಿ ಶಾಯಿಯೇ ಇಲ್ಲ. ಶಾಖಕ್ಕೆ ಕಪ್ಪಾಗುವ ಲೇಪನದ ಮೇಲೆ ಮೂಡಿದ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿ ಬರಿ ಬಿಳಿ ಚೂರು ಉಳಿಯುತ್ತದೆ. ಬನ್ನಿ ಸೊಪ್ಪನ್ನು ಹಸಿಯಾಗಿ ಅಂಟಿಸಿದರೆ ಬೂಷ್ಟು ಹಿಡಿಯುತ್ತದೆ. ಭಾರವಾದ ಪುಸ್ತಕದ ಕೆಳಗೆ ಒಂದು ವಾರ ಒಣಗಿಸಿ, ಆಮೇಲೆ ಲಕೋಟೆಯ ಜೇಬಿಗೆ ಹಾಕಿದರೆ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಪುಟದಲ್ಲೂ ಬರೆಯಲು ಜಾಗವಿರಬೇಕು. ನಮ್ಮ ಮನೆಯಲ್ಲಿ ಅಂಬಾರಿ ಹೊತ್ತ ಆನೆಯ ಫೋಟೊ ಒಂದಿದೆ, ಹಿಂದೆ ಏನೂ ಬರೆದಿಲ್ಲ. 2011ರವರೆಗಿನದಾದರೆ ಬಲರಾಮನಿರಬಹುದು, 2012ರಿಂದ 2019ರವರೆಗಿನದಾದರೆ ಅರ್ಜುನ, 2020ರ ನಂತರವಾದರೆ ಅಭಿಮನ್ಯು. ಆ ದಿನ ಕ್ಯಾಮೆರಾ ಹಿಡಿದಿದ್ದ ನನ್ನ ಯಜಮಾನರು ಈಗ ಇಲ್ಲ, ಕೇಳುವುದಾದರೂ ಯಾರನ್ನು? ಅರ್ಜುನನೂ ಇಂದು ನಮ್ಮೊಂದಿಗಿಲ್ಲ. ಆನೆಯ ಹೆಸರು, ಇಸವಿ, ತಾನು ನಿಂತಿದ್ದ ಜಾಗ, ಜೊತೆಗಿದ್ದವರು, ಇಷ್ಟನ್ನು ಮಗು ತನ್ನ ಅಕ್ಷರದಲ್ಲಿ, ತಪ್ಪಿದ್ದರೆ ತಪ್ಪಿನ ಸಮೇತ ಬರೆದಿಡಲಿ.

ಆದ್ದರಿಂದ ನಗರದ ಶಾಲೆಗಳ ಮುಖ್ಯಶಿಕ್ಷಕರಲ್ಲಿ ನನ್ನ ಕಳಕಳಿಯ ವಿನಂತಿ: ಮುಂದಿನ ರಜೆಗೆ ಈ ಕೆಲಸ ಕೊಡುವಾಗ ಅಚ್ಚಿನ ಚಾರ್ಟು ಬೇಡವೆಂದು ಡೈರಿಯಲ್ಲಿ ಸ್ಪಷ್ಟವಾಗಿ ಬರೆಸಿ, ಲಗ್ನಪತ್ರಿಕೆ, ಸಿಹಿತಿಂಡಿಯ ಡಬ್ಬ, ಉಡುಗೊರೆ ಸುತ್ತಿ ಬಂದ ಕಾಗದಗಳಿಗೆ ಒಪ್ಪಿಗೆ ಕೊಡಿ, ಅರ್ಧದಷ್ಟಾದರೂ ಅಂಕಗಳನ್ನು ಮಗುವಿನ ಸ್ವಂತ ಬರವಣಿಗೆಗೆ ಮೀಸಲಿಡಿ. ಪತ್ರಿಕೆಯೂ ಮುಂದಿನ ನವರಾತ್ರಿಗೆ ಮೊದಲೇ ಮಕ್ಕಳಿಂದ ಇಂತಹ ಪುಟಗಳ ಫೋಟೊ ತರಿಸಿಕೊಂಡು, ಹತ್ತು ದಿನವೂ ದಿನಕ್ಕೊಂದರಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಕತ್ತರಿ, ಕಾಗದ ಹಿಡಿದು ಕಲಿಯಲು ಬರುವ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿ ತೆರೆದಿರುತ್ತದೆ. ಐದನೆಯ ತರಗತಿಯ ಆ ಹುಡುಗಿ ಈ ವಾರವೇ ಬರುವುದಾಗಿ ಒಪ್ಪಿದ್ದಾಳೆ.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ಸರಸ್ವತಿಪುರಂ, ಮೈಸೂರು