ಕಂಠೀರವಕ್ಕೆ 70 ಕಿಲೋಮೀಟರ್: ಜೊತೆಗಿದ್ದವರಿಗೆ ತುಮಕೂರಿನ ನಮಸ್ಕಾರ

ಏಪ್ರಿಲ್ 12ರ ಶನಿವಾರ ರಾತ್ರಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್‌ನ ಇಂಡಿಯನ್ ಸೂಪರ್ ಲೀಗ್‌ನ 2024-25ರ ಸೀಸನ್ ಮುಗಿಯಿತು. ಮೋಹನ್ ಬಾಗಾನ್ 2, ನಮ್ಮ ಬೆಂಗಳೂರು ಎಫ್‌ಸಿ 1, ಅದೂ ಹೆಚ್ಚುವರಿ ಸಮಯ ಆಡಿದ ಮೇಲೆ. ಸೋತ ನೋವು ಇದೆ, ಇನ್ನೂ ಸ್ವಲ್ಪ ದಿನ ಇರುತ್ತದೆ. ಆದರೆ ಸೆಪ್ಟೆಂಬರ್ 14ರ ಮೊದಲ ಪಂದ್ಯದಿಂದ ಆ ರಾತ್ರಿಯವರೆಗೆ ತುಮಕೂರಿನಲ್ಲಿದ್ದುಕೊಂಡೇ ಈ ತಂಡದ ಒಂದು ಪಂದ್ಯವನ್ನೂ ಬಿಡದೆ ನೋಡಲು ಸಾಧ್ಯವಾಯಿತಲ್ಲ, ಅದು ತಾನಾಗಿ ಆದದ್ದಲ್ಲ. ಅದಕ್ಕೆ ದುಡಿದವರು ನಮ್ಮ ಊರಿನಲ್ಲೇ ಇದ್ದಾರೆ. ಅವರಲ್ಲಿ ಎಷ್ಟೋ ಜನ ಫುಟ್‌ಬಾಲ್ ನೋಡುವವರೂ ಅಲ್ಲ. ಒಬ್ಬೊಬ್ಬರಿಗೂ ಎದುರಿಗೇ ಹೇಳಬೇಕಾದದ್ದನ್ನು ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಲೆಕ್ಕ ಇಷ್ಟು. ಲೀಗ್‌ನಲ್ಲಿ 13 ತಂಡ. ಉಳಿದ 12 ತಂಡಗಳ ಜೊತೆ ಎರಡೆರಡು ಸಲ ಆಡಿದರೆ 24 ಪಂದ್ಯ. ಬೆಂಗಳೂರು ಮೂರನೇ ಸ್ಥಾನಕ್ಕೆ ಬಂದದ್ದರಿಂದ ಒಂದು ಪ್ಲೇ-ಆಫ್, ಎರಡು ಸೆಮಿಫೈನಲ್, ಒಂದು ಫೈನಲ್ ಸೇರಿ 28 ಆಯಿತು. ಅದರಲ್ಲಿ 14 ತಂಡದ ತವರಾದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, 14 ಹೊರಗೆ. ಮೊದಲ 14ಕ್ಕೆ ಗಾಡಿ ಬೇಕು, ಮಿಕ್ಕ 14ಕ್ಕೆ ಪರದೆ ಬೇಕು.

ಟಿಟಿ (ಟೆಂಪೊ ಟ್ರಾವೆಲರ್) ಓಡಿಸಿದ ಅಣ್ಣನಿಗೆ ಮೊದಲ ನಮಸ್ಕಾರ. ರಾತ್ರಿ 7:30ರ ಪಂದ್ಯ, 70 ಕಿಲೋಮೀಟರ್, ಒಂದೂವರೆ ಗಂಟೆ ಸಾಕು ಎಂದು ಲೆಕ್ಕ ಹಾಕಿ ಹೊರಟವರು ಮೊದಲ ಗೋಲು ನೋಡುವುದಿಲ್ಲ. ಹೆದ್ದಾರಿ ಕೆಲಸ ನಡೆಯುವ ಕಡೆಯೆಲ್ಲ ಸರ್ವಿಸ್ ರಸ್ತೆಗೆ ಇಳಿಯಬೇಕು. ಸಂಜೆ ಐದು ದಾಟಿದರೆ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಗಾಡಿ ಅಲ್ಲಾಡುವುದಿಲ್ಲ. ಗಾಡಿಯನ್ನು ಸಿಟಿಯೊಳಕ್ಕೆ ತರಲೇಬಾರದು ಎಂದು ಹೇಳಿಕೊಟ್ಟವರು ಇವರೇ. ಮಧ್ಯಾಹ್ನ ಮೂರೂವರೆಗೆ ಬಿ.ಎಚ್. ರಸ್ತೆ ಬಿಡುವುದು, ಮೆಟ್ರೊದ ಕೊನೆಯ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸುವುದು, ಅಲ್ಲಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಗಿ ಕಬ್ಬನ್ ಪಾರ್ಕ್‌ನಲ್ಲಿ ಇಳಿಯುವುದು. ನವೆಂಬರ್ ಮೊದಲ ವಾರದವರೆಗೆ ಕೊನೆಯ ನಿಲ್ದಾಣ ನಾಗಸಂದ್ರವಾಗಿತ್ತು. 7ನೇ ತಾರೀಖು ಮಾದಾವರದವರೆಗೆ ರೈಲು ಓಡಲು ಶುರುವಾದ ಮೇಲೆ ನಮ್ಮ ಕಡೆಯವರಿಗೆ ಬಹಳ ಅನುಕೂಲವಾಯಿತು.

ವಾಪಸಿನ ಲೆಕ್ಕ ಇನ್ನೂ ಬಿಗಿ. ಎರಡು 45 ನಿಮಿಷ, ನಡುವೆ 15, ಮೇಲೆ ಇಂಜುರಿ ಟೈಮ್ ಸೇರಿದರೆ ಪಂದ್ಯ ಮುಗಿಯುವುದು 9:25ರ ಸುಮಾರಿಗೆ. ಬಾವುಟ ಬಿಚ್ಚಿ ಮಡಚಲು ಹತ್ತು ನಿಮಿಷ. ಅಷ್ಟರಲ್ಲಿ ನಿಲ್ದಾಣದ ಟೋಕನ್ ಸಾಲು ಹೊರಗಿನವರೆಗೆ ಬೆಳೆದಿರುತ್ತದೆ. ಸ್ಮಾರ್ಟ್ ಕಾರ್ಡ್‌ನಲ್ಲಿ ಹೋಗಿಬರುವ ಎರಡೂ ಕಡೆಯ ದುಡ್ಡು ಇದೆಯೇ ಎಂದು ತುಮಕೂರಿನಲ್ಲೇ ನೋಡಿಕೊಂಡವರು ನೇರವಾಗಿ ಒಳಗೆ ಹೋಗುತ್ತಾರೆ. ಫೆಬ್ರವರಿ 9ರಂದು ದರ ಏರಿದ ಮೇಲೆ ಹಳೆಯ ಅಂದಾಜಿನಲ್ಲಿ ಬಂದವರು ಇಳಿಯುವ ಕಡೆ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತಿದ್ದರು. ಒಬ್ಬರಿಗಾಗಿ ಹದಿನಾರು ಜನ ನಿಲ್ಲಬೇಕು. ಮಾದಾವರ ಸೇರುವ ಹೊತ್ತಿಗೆ ಹನ್ನೊಂದು, ಊರು ಸೇರಿದಾಗ ಹನ್ನೆರಡು ಕಾಲು.

ಈ ಹೊತ್ತಿನ ರಸ್ತೆ ಅಪಾಯದ ರಸ್ತೆ. ದಾಬಸ್‌ಪೇಟೆಯಿಂದ ಕ್ಯಾತ್ಸಂದ್ರದವರೆಗೆ ಹಿಂದಿನ ದೀಪ ಉರಿಯದ ಲಾರಿಗಳು ಅಂಚಿನಲ್ಲಿ ನಿಂತಿರುತ್ತವೆ, ಓಡಿಸುವವರಿಗೆ ನಿದ್ದೆ ಎಳೆಯುವುದೂ ಅಲ್ಲೇ. ಅದಕ್ಕೇ ಅಣ್ಣ ಪಂದ್ಯದ ದಿನ ಬೆಳಗಿನ ಬಾಡಿಗೆ ಒಪ್ಪಿಕೊಳ್ಳುತ್ತಿರಲಿಲ್ಲ. ಊಟ ಮಾಡಿ ಮಲಗಿ ಎದ್ದು ಬರುತ್ತಿದ್ದರು. ಒಂದು ಬಾಡಿಗೆ ಬಿಟ್ಟರೆ ಕೈಗೆ ಬರುವುದು ಎಷ್ಟು ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮಾರ್ಚ್ 29ರ ಪ್ಲೇ-ಆಫ್ ಯುಗಾದಿಯ ಹಿಂದಿನ ರಾತ್ರಿ. ಬೆಳಗಾದರೆ ಎಣ್ಣೆಸ್ನಾನ, ಮನೆಯಲ್ಲಿ ಕಾಯುವ ಮಕ್ಕಳು. ಆದರೂ ಬಂದಿರಿ ಅಣ್ಣ. ನಿಮ್ಮ ಮನೆಯವರಿಗೂ ಈ ನಮಸ್ಕಾರ ಸಲ್ಲಬೇಕು.

ಹೊರಗಿನ ತಿಂಡಿ, ನೀರಿನ ಬಾಟಲಿ ಕ್ರೀಡಾಂಗಣದ ಒಳಗೆ ಬಿಡುವುದಿಲ್ಲ. ಆದ್ದರಿಂದ ತಿನ್ನುವುದೆಲ್ಲ ಗಾಡಿಯಲ್ಲೇ ಮುಗಿಯಬೇಕು. ಕ್ಯಾತ್ಸಂದ್ರದ ಹೋಟೆಲ್ ಅಕ್ಕ 17 ಜನಕ್ಕೆ 40 ತಟ್ಟೆ ಇಡ್ಲಿ ಕಟ್ಟಿಕೊಡುತ್ತಿದ್ದ ರೀತಿಯನ್ನು ದೂರ ಪ್ರಯಾಣ ಮಾಡುವವರು ಕಲಿಯಬೇಕು. ಬಿಸಿಬಿಸಿಯಾಗಿ ಡಬ್ಬಿಗೆ ಹಾಕಿ ಮುಚ್ಚಿದರೆ ಆವಿ ನೀರಾಗಿ ಇಳಿದು ಇಡ್ಲಿ ಮುದ್ದೆಯಾಗುತ್ತದೆ. ಹತ್ತು ನಿಮಿಷ ಆರಿಸಿ, ಪ್ರತಿ ಎರಡು ಇಡ್ಲಿಯ ನಡುವೆ ಬಾಳೆ ಎಲೆ ಹಾಕಿ, ಒಂದರ ಮೇಲೊಂದು ನಾಲ್ಕಕ್ಕಿಂತ ಹೆಚ್ಚು ಪೇರಿಸದೆ ಇಟ್ಟರೆ ರಾತ್ರಿ ಹನ್ನೊಂದಕ್ಕೂ ಮೆತ್ತಗಿರುತ್ತದೆ. ಕಾಯಿಚಟ್ನಿ ಅಷ್ಟು ಹೊತ್ತು ತಡೆಯುವುದಿಲ್ಲ, ಬೇಸಿಗೆಯಲ್ಲಂತೂ ಸಂಜೆಗೇ ಹುಳಿ ವಾಸನೆ. ಅದರ ಬದಲು ಕಡಲೆಬೀಜದ ಚಟ್ನಿಪುಡಿ, ಪುಟ್ಟ ಡಬ್ಬಿಯಲ್ಲಿ ತುಪ್ಪ. ಗೆದ್ದ ರಾತ್ರಿಯೂ ಸೋತ ರಾತ್ರಿಯೂ ಮಾದಾವರ ಬಿಟ್ಟ ಕೂಡಲೇ ಮೊದಲು ಬಿಚ್ಚುತ್ತಿದ್ದದ್ದು ಆ ಡಬ್ಬಿಯನ್ನೇ. ಅಕ್ಕ, ಅನ್ನಪೂರ್ಣೆ ನೀವು.

ಇನ್ನು ಬಾವುಟ. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಟಿವಿಯಲ್ಲಿ ಎರಡು ಸೆಕೆಂಡ್ ಕಂಡು ಮರೆಯಾಗುವ ಆ ನೀಲಿ ಬಟ್ಟೆಯ ಹಿಂದೆ ಟೇಲರ್ ಅಣ್ಣನ ಆರು ರಾತ್ರಿಗಳಿವೆ.

ಮೊದಲು ಹೇಳಿದ್ದು 18 ಅಡಿ ಉದ್ದ, 12 ಅಡಿ ಎತ್ತರ. ಅಣ್ಣ ಟೇಪು ಹಿಡಿದು ಅಲ್ಲೇ ತಿದ್ದಿದರು. ಸ್ಯಾಟಿನ್ ಥಾನಿನ ಅಗಲ 44 ಇಂಚು. ಐದು ಪಟ್ಟಿ ಜೋಡಿಸಿದರೆ 220 ಇಂಚು. ನಾಲ್ಕು ಜೋಡಣೆಗೆ ಒಂದೂವರೆ ಇಂಚಿನಂತೆ 6, ಎರಡು ಅಂಚು ಮಡಚಲು 4 ಹೋದರೆ ಉಳಿಯುವುದು 210, ಅಂದರೆ ಹದಿನೇಳೂವರೆ ಅಡಿ. ಆ ಅರ್ಧ ಅಡಿಯ ಆಸೆಗೆ ಆರನೇ ಪಟ್ಟಿ ಕೊಂಡರೆ ಅದರಲ್ಲಿ ಮುಕ್ಕಾಲು ಪಾಲು ಕತ್ತರಿಸಿ ಎಸೆಯಬೇಕು. ಹನ್ನೆರಡೂವರೆ ಅಡಿಯ ಐದು ಪಟ್ಟಿಗೆ 20 ಮೀಟರ್ ಬಟ್ಟೆ ಸಾಕಾಯಿತು. ದಪ್ಪ ಸೂಜಿ ಹಾಕಿದರೆ ಸ್ಯಾಟಿನ್ ಎಳೆ ಎಳೆದು ನೆರಿಗೆ ಕಟ್ಟುತ್ತದೆ. ಅದಕ್ಕೆ 11ನೇ ನಂಬರ್ ಸೂಜಿ, ಸ್ವಲ್ಪ ಉದ್ದನೆಯ ಹೊಲಿಗೆ, ಜೋಡಣೆಯ ಅಂಚನ್ನು ಒಳಕ್ಕೆ ಮಡಚಿ ಮೇಲೆ ಇನ್ನೊಂದು ಸಾಲು.

ಅಕ್ಷರಕ್ಕೆ ಪೇಂಟ್ ಬೇಡ ಎಂದವರೂ ಅವರೇ. ಆಯಿಲ್ ಪೇಂಟ್ ಬಳಿದ ಬಟ್ಟೆ ಮಡಚಿಟ್ಟಾಗ ಒಂದಕ್ಕೊಂದು ಅಂಟುತ್ತದೆ, ನಾಲ್ಕು ಸಲ ಬಿಚ್ಚಿ ಮಡಚುವಷ್ಟರಲ್ಲಿ ಬಿರುಕು ಬಿಡುತ್ತದೆ, ತೂಕವೂ ಏರುತ್ತದೆ. ಬಿಳಿ ಬಟ್ಟೆಯಲ್ಲಿ ಅಕ್ಷರ ಕತ್ತರಿಸಿ ಹೊಲಿಯುವುದೇ ದಾರಿ. ನೀಲಿ ಬಣ್ಣ ಬಿಟ್ಟು ಬಿಳಿಗೆ ಹತ್ತದಂತೆ ಥಾನನ್ನು ಮೊದಲೇ ಎರಡು ನೀರಿನಲ್ಲಿ ಜಾಲಿಸಿ ಒಣಗಿಸಿದರು. ಸೆಪ್ಟೆಂಬರ್‌ನಲ್ಲಿ ಮಳೆಗೆ ನೆನೆಯುವ ಬಾವುಟಕ್ಕೆ ಇದು ಬೇಕೇ ಬೇಕು.

ಏನು ಬರೆಯಬೇಕು ಎಂಬುದರಲ್ಲಿ ಕನ್ನಡದ್ದೇ ಒಂದು ಪಾಠವಿದೆ. ಕಂಠೀರವದಲ್ಲಿ ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಎದುರು ಗ್ಯಾಲರಿಯಿಂದ ನೋಡುವವರಿಗೆ ನೂರು ಮೀಟರ್‌ಗೂ ಹೆಚ್ಚು ದೂರ. ಒಂದು ಇಂಚು ಎತ್ತರದ ಅಕ್ಷರವನ್ನು 10 ಅಡಿಯಿಂದ ಸಲೀಸಾಗಿ ಓದಬಹುದು ಎಂಬುದು ಬೋರ್ಡ್ ಬರೆಯುವವರ ಅಂದಾಜು. ಆ ಲೆಕ್ಕಕ್ಕೆ ಅಕ್ಷರ ಮೂರು ಅಡಿಯಾದರೂ ಇರಲೇಬೇಕು, ದೊಡ್ಡದಿದ್ದಷ್ಟೂ ಒಳ್ಳೆಯದು. ‘ನಮ್ಮ’, ‘ಗೆಲ್ಲು’ ಎಂದೆಲ್ಲ ಬರೆದರೆ ಕೆಳಗಿನ ಒತ್ತು ಅರ್ಧಕ್ಕಿಂತ ಚಿಕ್ಕದಾಗಿ ದೂರಕ್ಕೆ ಬರೀ ಚುಕ್ಕೆಯಂತೆ ಕಾಣುತ್ತದೆ. ‘ತುಮಕೂರು’ ಎಂಬ ಹೆಸರಿನಲ್ಲಿ ಒಂದೂ ಒತ್ತಕ್ಷರ ಇಲ್ಲ! ನಾಲ್ಕೇ ಅಕ್ಷರ, ಹದಿನೇಳೂವರೆ ಅಡಿಗೆ ಹದವಾಗಿ ಕೂರುತ್ತದೆ. ‘ಮ’ದ ಒಳಗಿನ ಜಾಗ ಮುಚ್ಚದಂತೆ, ‘ಕೂ’ವಿನ ಬಾಲ ‘ರು’ವಿಗೆ ತಾಗದಂತೆ ಅಣ್ಣ ಪೇಪರ್ ಪಡಿಯಚ್ಚನ್ನು ಮೂರು ಸಲ ಬದಲಾಯಿಸಿದರು. ಮೂರನೆಯದನ್ನು ರಸ್ತೆಯ ಆಚೆ ಬದಿಗೆ ಹಿಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸಿದ ಮೇಲೇ ಕತ್ತರಿ ಹಿಡಿದದ್ದು.

ಕೋಲು, ಬಿದಿರು ಒಳಗೆ ಬಿಡುವುದಿಲ್ಲವಾದ್ದರಿಂದ ಬಾವುಟ ಕಂಬಿಗೆ ಕಟ್ಟಿಯೇ ನಿಲ್ಲಬೇಕು. ಮೇಲಿನ ಅಂಚಿನೊಳಗೆ ಗಟ್ಟಿ ಪಟ್ಟಿ, ಸುಮಾರು ಎರಡೆರಡು ಅಡಿಗೆ ಒಂದರಂತೆ ಹತ್ತು ಲಾಡಿ. ನೈಲಾನ್ ದಾರದ ಗಂಟು ಗಾಳಿಗೆ ಜಾರುತ್ತದೆ, ಹತ್ತಿಯ ಲಾಡಿ ಹಿಡಿದುಕೊಳ್ಳುತ್ತದೆ. ಹರಿಯುವುದು ಯಾವಾಗಲೂ ಮೂಲೆಯಿಂದಲೇ, ಗಾಳಿಯ ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಅದಕ್ಕೆ ನಾಲ್ಕೂ ಮೂಲೆಗೆ ತ್ರಿಕೋನದ ಒಳತುಂಡು ಕೊಟ್ಟರು. 14 ಪಂದ್ಯ ಆದರೂ ಮೂಲೆ ಹರಿದಿಲ್ಲ.

ಆಟಗಾರರಿಗೂ ಆ ಸೀಸನ್‌ನ ಕೋಚ್ ಜೆರಾರ್ಡ್ ಸರಗೋಸಾ ಅವರಿಗೂ ಹೇಳುವುದು ಬಹಳ ಇದೆ. ಹಿಂದಿನ ಸೀಸನ್‌ನಲ್ಲಿ ತಂಡ 10ನೇ ಸ್ಥಾನದಲ್ಲಿ ಮುಗಿಸಿತ್ತು. ಈ ಸಲ ಮೊದಲ ದಿನವೇ ಅಕಾಡೆಮಿಯಿಂದ ಬಂದ ಹುಡುಗ ವಿನೀತ್ ವೆಂಕಟೇಶ್ ಈಸ್ಟ್ ಬೆಂಗಾಲ್ ವಿರುದ್ಧ ಪಂದ್ಯದ ಒಂದೇ ಗೋಲು ಹೊಡೆದರು. ಸೆಪ್ಟೆಂಬರ್ 28ಕ್ಕೆ ಮೋಹನ್ ಬಾಗಾನ್ ವಿರುದ್ಧ 3-0. ಆ ತಂಡ ಆಮೇಲೆ 56 ಅಂಕ ಗಳಿಸಿ, ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡನ್ನೂ ಫೈನಲ್ ಗೆದ್ದವರಿಗೆ ಸಿಗುವ ಕಪ್ಪನ್ನೂ ಗೆದ್ದಿತು ಎಂಬುದನ್ನು ಇಟ್ಟು ನೋಡಿದರೆ ಆ ರಾತ್ರಿಯ ಬೆಲೆ ಗೊತ್ತಾಗುತ್ತದೆ. ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ 4-2, ಅದರಲ್ಲಿ ಮೂರು ಸುನಿಲ್ ಛೆಟ್ರಿಯವರದ್ದು. 40 ದಾಟಿದ ಆಟಗಾರ ಹ್ಯಾಟ್ರಿಕ್ ಹೊಡೆದದ್ದು, ಸೀಸನ್ ಮುಗಿಯುವಾಗ 14 ಗೋಲಿಗೆ ನಿಂತದ್ದು, ಕಾಲಿನ ವೇಗದಿಂದ ಆದದ್ದಲ್ಲ. ಕ್ರಾಸ್ ಬರುವ ಮೊದಲು ಡಿಫೆಂಡರ್‌ನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿದು ನಿಲ್ಲುವುದನ್ನು ಗ್ಯಾಲರಿಯಿಂದ ನೋಡಬೇಕು. ಚೆಂಡಿನ ಹಿಂದೆ ಓಡುವ ಕ್ಯಾಮೆರಾದಲ್ಲಿ ಅದು ಕಾಣುವುದಿಲ್ಲ. ನಮ್ಮ ಊರಿನ ಮೈದಾನಗಳಲ್ಲಿ ಆಡುವ ಮಕ್ಕಳನ್ನು ಕರೆದುಕೊಂಡು ಹೋಗಬೇಕಾದದ್ದು ಇದಕ್ಕೇ.

ಜನವರಿ ಕಷ್ಟದ ತಿಂಗಳು. 11ನೇ ತಾರೀಖು, ಕೊನೆಗೆ ಪಟ್ಟಿಯ ತಳದಲ್ಲಿ ಮುಗಿಸಿದ ಮೊಹಮ್ಮಡನ್ ವಿರುದ್ಧ ಕಂಠೀರವದಲ್ಲೇ 0-1. ಕೊನೆಯ ನಿಮಿಷಗಳಲ್ಲಿ ಬಂದ ಒಂದು ಫ್ರೀ ಕಿಕ್. ಅಂತಹ ಸೋಲಿನ ಮುಂದಿನ ಪಂದ್ಯಕ್ಕೂ ಗಾಡಿಯ ಸೀಟು ತುಂಬಿಸಿದ ಪ್ರತಿಯೊಬ್ಬರಿಗೂ ಧನ್ಯವಾದ. 17 ಸೀಟಿನ ಗಾಡಿಯಲ್ಲಿ 11 ಜನ ಬಂದರೂ ಡೀಸೆಲ್ ಅಷ್ಟೇ ಸುಡುತ್ತದೆ, ಬಾರದವರ ಪಾಲು ಬಂದವರ ಮೇಲೆ ಬೀಳುತ್ತದೆ.

ಪ್ಲೇ-ಆಫ್‌ನಲ್ಲಿ ಮುಂಬೈ ಸಿಟಿ ವಿರುದ್ಧ 5-0. ಈ ಅಂತರಕ್ಕೆ ಬೇರೆಯೇ ಒಂದು ಕೃತಜ್ಞತೆ ಇದೆ. ಒಂದೇ ಪಂದ್ಯದ ಪ್ಲೇ-ಆಫ್ ಸಮವಾದರೆ ಇನ್ನೂ 30 ನಿಮಿಷ, ಆಮೇಲೆ ಪೆನಾಲ್ಟಿ. ಎಲ್ಲ ಮುಗಿಯುವಾಗ ಹತ್ತೂಕಾಲು ದಾಟಿ, ಮೆಜೆಸ್ಟಿಕ್‌ನಲ್ಲಿ ಕೊನೆಯ ರೈಲಿನ ಚಿಂತೆ ಹತ್ತುತ್ತಿತ್ತು. ಯುಗಾದಿಯ ಹಿಂದಿನ ರಾತ್ರಿ ಆ ಚಿಂತೆಯನ್ನು ತಂಡವೇ ತೆಗೆದುಹಾಕಿತು.

ಹೊರಗಿನ 14 ಪಂದ್ಯಗಳಿಗೆ ಬಾಡಿಗೆ ಕೇಳದೆ ಜಾಗ ಕೊಟ್ಟ ಹಾಲ್‌ನವರಿಗೆ ಕೈಮುಗಿಯುತ್ತೇವೆ. ಸಂಜೆ ಐದರ ಪಂದ್ಯವಿದ್ದ ದಿನ ಪಶ್ಚಿಮದ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಟ್ಟಿರಿ. 3,000 ಲೂಮೆನ್ ಪ್ರೊಜೆಕ್ಟರ್ ಬಿಸಿಲಿಗೆ ಏನೂ ಅಲ್ಲ, ಬಿಳಿ ಜೆರ್ಸಿಯ ತಂಡ ಪರದೆಯಲ್ಲಿ ಕರಗಿಹೋಗುತ್ತದೆ. ಪ್ರೊಜೆಕ್ಟರನ್ನು ನೇರ ಕರೆಂಟಿಗೆ ಹಾಕದೆ ಇನ್ವರ್ಟರ್‌ನ ಲೈನಿಗೆ ಕೊಟ್ಟದ್ದು ಬಹಳ ದೊಡ್ಡ ಉಪಕಾರ. ಕರೆಂಟ್ ಒಂದು ಕ್ಷಣ ಹೋದರೂ ಒಳಗಿನ ಫ್ಯಾನ್ ನಿಂತು ಲ್ಯಾಂಪ್ ಕಾದಿರುತ್ತದೆ, ಅದು ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ. ಅಷ್ಟರಲ್ಲಿ ಎರಡು ಗೋಲು ಆಗಿಹೋಗಿರಬಹುದು. ಮೊಬೈಲ್‌ಗಳನ್ನೆಲ್ಲ ಬಾಗಿಲಲ್ಲೇ ಒಂದು ಡಬರಿಗೆ ಹಾಕಿಸಿದ್ದು ಕೂಡ ಸರಿಯಾದ ಕೆಲಸ. ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ಸಣ್ಣ ಸಣ್ಣ ತುಣುಕಾಗಿ ಬಂದು ಕೂಡಿಕೊಳ್ಳುವುದರಿಂದ ಅರ್ಧ ನಿಮಿಷವಾದರೂ ಹಿಂದಿರುತ್ತದೆ, ಗೋಲಿನ ಸಂದೇಶ ಮೊದಲೇ ಬಂದು ಬೀಳುತ್ತದೆ. ಏಪ್ರಿಲ್ 6ರಂದು ಗೋವಾದಲ್ಲಿ ಎರಡನೇ ಸೆಮಿಫೈನಲ್‌ನ 88ನೇ ನಿಮಿಷಕ್ಕೆ ಎರಡೂ ಪಂದ್ಯದ ಒಟ್ಟು ಲೆಕ್ಕ 2-2 ಆಗಿ, ಇಂಜುರಿ ಟೈಮ್‌ನಲ್ಲಿ ಛೆಟ್ರಿಯವರ ಹೆಡರ್ ಬಲೆ ಸೇರಿದಾಗ ಇಡೀ ಹಾಲ್ ಒಂದೇ ಕ್ಷಣಕ್ಕೆ ಎದ್ದು ನಿಂತದ್ದು ಆ ಡಬರಿಯಿಂದ.

ಫೈನಲ್ ಬಗ್ಗೆ ಚಿಕ್ಕದಾಗಿ. 49ನೇ ನಿಮಿಷಕ್ಕೆ ಮೋಹನ್ ಬಾಗಾನ್‌ನ ಆಲ್ಬರ್ಟೊ ರೊಡ್ರಿಗೆಸ್‌ರ ಸೆಲ್ಫ್ ಗೋಲಿನಿಂದ ನಮಗೆ ಮುನ್ನಡೆ, ಆಮೇಲೆ ಅವರದ್ದೇ ಎರಡು: 72ಕ್ಕೆ ಜೇಸನ್ ಕಮಿಂಗ್ಸ್ ಪೆನಾಲ್ಟಿ, 96ಕ್ಕೆ ಜೇಮಿ ಮೆಕ್ಲಾರೆನ್. ಆ ದಿನ ಹಾಲ್ ಮುಚ್ಚುವ ಹೊತ್ತು ದಾಟಿತ್ತು. ಯಾರೂ ಏಳಿ ಎನ್ನಲಿಲ್ಲ. ಚಹಾ ಬಂತು.

ಹತ್ತನೇ ತರಗತಿ ಮಕ್ಕಳ ತಾಯಂದಿರೇ, ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದರ ನಡುವೆಯೇ ಪ್ಲೇ-ಆಫ್ ಮತ್ತು ಬುಧವಾರದ ಸೆಮಿಫೈನಲ್. ಆ ಮಕ್ಕಳನ್ನು ಗಾಡಿ ಹತ್ತಿಸುವುದಿಲ್ಲ ಎಂಬ ಮಾತು ನಡೆಯಿತು. ಹಾಗೆಂದು ಮಕ್ಕಳನ್ನು ಫುಟ್‌ಬಾಲ್‌ನಿಂದ ದೂರ ಇಡದೆ, ಬೆಳಿಗ್ಗೆ ಹತ್ತು ನಿಮಿಷದ ಹೈಲೈಟ್ಸ್ ನೋಡಲು ಬಿಟ್ಟಿರಿ. ಫೈನಲ್‌ಗೆ ಎಲ್ಲರನ್ನೂ ನೀವೇ ಹಾಲ್‌ವರೆಗೆ ಬಿಟ್ಟು ಹೋದಿರಿ. ಗ್ಯಾಲರಿಯಲ್ಲಿ ಬಾವುಟ ಕಟ್ಟಲು ಜಾಗ ಬಿಟ್ಟುಕೊಟ್ಟ, ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಗೆಳೆಯರಿಗೂ, ಹದಿನೇಳೂವರೆ ಅಡಿ ಬಟ್ಟೆಯನ್ನು ಪ್ರತಿ ಸಲವೂ ಬಿಚ್ಚಿ ನೋಡಿ ಮತ್ತೆ ಮಡಚಲು ಕೈ ಹಾಕಿದ ಗೇಟಿನ ಸಿಬ್ಬಂದಿಗೂ ವಂದನೆ.

ಬಾವುಟ ಈಗ ಟೇಲರ್ ಅಣ್ಣನ ಅಂಗಡಿಯ ಅಟ್ಟದಲ್ಲಿದೆ. ಹಳೆಯ ಪಂಚೆಯಲ್ಲಿ ಸುತ್ತಿ, ಮಡಿಕೆಗಳ ನಡುವೆ ಒಣ ಬೇವಿನ ಎಲೆ ಇಟ್ಟಿದೆ. ಎಡಗಡೆಯ ಎರಡು ಲಾಡಿ ಸವೆದಿವೆ, ‘ರು’ವಿನ ಕೊಂಬಿನ ಹತ್ತಿರ ನಾಲ್ಕು ಇಂಚು ಹೊಲಿಗೆ ಬಿಟ್ಟಿದೆ. ಮಳೆಗಾಲಕ್ಕೆ ಮುಂಚೆ ಇಳಿಸಿ ಸರಿ ಮಾಡಿಕೊಡುತ್ತೇನೆ ಎಂದು ಅಣ್ಣ ಹೇಳಿದ್ದಾರೆ.